ಚಿಟಿಕೆರಾಯರ ಶಟ್‌ಡೌನ್ ವಿದ್ಯೆ

ಚಿಟಿಕೆರಾಯರಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ಯಾರು ಯಾವ ಕೆಲಸ ಹೇಳಿದರೂ ಅವರು ಮೊದಲು ಟಪ್ಪೆಂದು ಒಂದು ಚಿಟಿಕೆ ಹೊಡೆದು, "ಇಷ್ಟೇ ತಾನೇ? ಆಯ್ತು ಅಂದ್ಕೊಳ್ಳಿ" ಎನ್ನುತ್ತಿದ್ದರು. ಹೇಳಿದವರು ಆಯಿತು ಅಂದುಕೊಂಡು ಹೋಗುತ್ತಿದ್ದರು. ಕೆಲಸ ಮಾತ್ರ ಹಾಗೆ ಅಂದುಕೊಳ್ಳದೆ ಇದ್ದಲ್ಲೇ ಇರುತ್ತಿತ್ತು. ಹೀಗೆ ಅವರು ಶಿಕ್ಷಣ ಕಚೇರಿಯ ಎರಡನೇ ಮಹಡಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದ್ದರು. ಬೆರಳು ಸವೆದಿತ್ತು, ಹೆಸರು ಉಳಿದಿತ್ತು.

ಅಷ್ಟು ವರ್ಷದಲ್ಲಿ ರಾಯರು ಕಲಿತ ವಿದ್ಯೆ ಒಂದೇ. ಮೇಜು ಖಾಲಿ ಕಂಡರೆ ಮೇಲಿನವರ ಕಣ್ಣು ಬೀಳುತ್ತದೆ. ಕಣ್ಣು ಬಿದ್ದ ಕಡೆ ಕೆಲಸ ಬೀಳುತ್ತದೆ. ಆದ್ದರಿಂದ ಅವರ ಮೇಜಿನ ಮೇಲೆ ಕಡತಗಳು ಯಾವಾಗಲೂ ಹೊಟ್ಟೆ ಬಿರಿದುಕೊಂಡು ತೆರೆದೇ ಇರುತ್ತಿದ್ದವು. ಕಚೇರಿಗೆ ಕಂಪ್ಯೂಟರ್ ಬಂದಾಗ ಕಾಲ ಬದಲಾಯಿತು, ರಾಯರು ಬದಲಾಗಲಿಲ್ಲ. ಒಮ್ಮೆ ತೆರೆದ ಪತ್ರವನ್ನು ಅವರು ಮುಚ್ಚುತ್ತಿರಲಿಲ್ಲ. ಕೆಳಗೆ ಎಳೆದು ಸಾಲಿಗೆ ನಿಲ್ಲಿಸುತ್ತಿದ್ದರು, ಅಷ್ಟೆ. ಪರದೆಯ ಕೆಳಗಿನ ಆ ಪಟ್ಟಿ, ನಾಲ್ಕು ಮಕ್ಕಳ ಮನೆಯಲ್ಲಿ ಬಟ್ಟೆ ಒಣಹಾಕಿದ ಹಗ್ಗದಂತೆ ಜೋತುಬಿದ್ದಿರುತ್ತಿತ್ತು.

ಸಂಜೆ ಅದನ್ನು ಆಫ್ ಮಾಡಲು ಹೋದರೆ ಒಂದೊಂದು ಪತ್ರವೂ ತಲೆ ಎತ್ತಿ, "ನನ್ನನ್ನು ಸೇವ್ ಮಾಡಲೋ, ಬೇಡವೋ?" ಎಂದು ಕೇಳುತ್ತಿತ್ತು. ಕೇಳುವುದು ನ್ಯಾಯವೇ. ಆದರೆ ರಾಯರು ಉತ್ತರ ಕೊಡುತ್ತಿರಲಿಲ್ಲ. ಬೇಕು ಎಂದರೂ ಜವಾಬ್ದಾರಿ, ಬೇಡ ಎಂದರೂ ಜವಾಬ್ದಾರಿ. ಯಾವುದಕ್ಕೂ ಹೌದು ಅನ್ನದೆ, ಯಾವುದಕ್ಕೂ ಇಲ್ಲ ಅನ್ನದೆ ಬಡ್ತಿ ಪಡೆದವರು ಅವರು. ಹಾಗಾಗಿ ಅವರು ಪರದೆಯನ್ನು ನೋಡುತ್ತಾ ಕೂರುತ್ತಿದ್ದರು, ಪರದೆ ಅವರನ್ನು ನೋಡುತ್ತಾ ಕೂರುತ್ತಿತ್ತು. ಇಪ್ಪತ್ತೈದು ನಿಮಿಷ ಹೀಗೇ ಸರಿಯುತ್ತಿತ್ತು.

ಇದು ಅವರ ಪಾಡಾಗಿಯೇ ಉಳಿಯುತ್ತಿತ್ತೇನೋ. ಅಷ್ಟರಲ್ಲಿ ಹೊಸ ಅಧಿಕಾರಿ ಬಂದರು. ಎಲ್ಲರೂ ಮೇಡಂ ಎನ್ನುವ ಈಕೆಗೆ ದಿನಕ್ಕೊಂದು ಸುತ್ತೋಲೆ ಹೊರಡಿಸದಿದ್ದರೆ ಊಟ ಸೇರುತ್ತಿರಲಿಲ್ಲ. ಬಂದ ಮೂರನೇ ದಿನದ ಸುತ್ತೋಲೆ ಹೀಗಿತ್ತು: ಮಹಡಿಯ ಎಲ್ಲ ಕಂಪ್ಯೂಟರ್‌ಗಳೂ ಆಫ್ ಆದ ಮೇಲೆ ಮುಖ್ಯ ಸ್ವಿಚ್ ಆರಿಸಬೇಕು, ಆಮೇಲಷ್ಟೇ ಸಿಬ್ಬಂದಿ ಒಟ್ಟಿಗೆ ಹೊರಡಬೇಕು. ಅಂದಿನಿಂದ ಹದಿನಾಲ್ಕು ಜನ ಕೈಚೀಲ ಹೆಗಲಿಗೇರಿಸಿ ರಾಯರ ಕುರ್ಚಿಯ ಸುತ್ತ ನಿಲ್ಲತೊಡಗಿದರು. ಬಾಗಿಲಲ್ಲಿ ಕಾವಲುಗಾರ ಬೀಗ ಹಿಡಿದು ನಿಲ್ಲುತ್ತಿದ್ದ.

"ರಾಯರೇ, ಪ್ರಾಣ ಹೋಯ್ತಾ ಅದರದು?" ಎಂದು ಅವನು ಕೇಳುವನು.

"ಇನ್ನೂ ಉಸಿರಿದೆ" ಎಂದು ಯಾರಾದರೂ ಹೇಳುವರು.

ಪಕ್ಕದ ಮೇಜಿನ ಟೈಪಿಸ್ಟಮ್ಮ ಒಬ್ಬರೇ ನಗುತ್ತಿರಲಿಲ್ಲ. ಮೂರು ಮಕ್ಕಳನ್ನು ಬೆಳೆಸಿ ದಡ ಸೇರಿಸಿದವರು. ಯಾವುದಕ್ಕೂ ಅವಸರ ಪಡುವವರಲ್ಲ. ಒಂದು ಸಂಜೆ ಅವರು ತಡೆಯಲಾರದೆ ಹೇಳಿದರು:

"ರಾಯರೇ, ಅದನ್ನ ಮಗು ಮಲಗಿಸೋ ಹಾಗೆ ಮಲಗಿಸ್ಬೇಕು. ಕೈಲಿರೋ ಆಟದ ಸಾಮಾನೆಲ್ಲ ಒಂದೊಂದೇ ಬಿಡಿಸಿ, ಜಾಗಕ್ಕೆ ಇಟ್ಟು, ಆಮೇಲೆ ದೀಪ ಆರಿಸೋದು. ಬೇಕಾದ್ದು ಸೇವ್ ಮಾಡಿ, ಬೇಡದ್ದು ಮುಚ್ಚಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ತಾವಾಗೇ ಎದ್ದು ಕೂರೋ ಹಾಳುಮೂಳು ಪ್ರೋಗ್ರಾಂ ಇರುತ್ತಲ್ಲ, ಅದನ್ನೆಲ್ಲ ನಿಲ್ಸಿ. ಅಪ್‌ಡೇಟ್ ಬಂದ್ರೆ ಅದರ ಪಾಡಿಗೆ ಮುಗಿಯೋಕೆ ಬಿಡಿ. ನಂದು ನೋಡಿ, ಹತ್ತು ಸೆಕೆಂಡು."

ಒಬ್ಬ ಹೆಂಗಸು, ಅದೂ ತನಗಿಂತ ಕೆಳಗಿನ ದರ್ಜೆಯವಳು, ಎಲ್ಲರ ಎದುರಿಗೆ ಇಷ್ಟು ಸರಿಯಾದ ಮಾತು ಹೇಳಿದರೆ ಅದನ್ನು ಒಪ್ಪುವುದು ಹೇಗೆ? ರಾಯರು ಚಿಟಿಕೆ ಹೊಡೆದರು.

"ಹತ್ತು ಸೆಕೆಂಡಾ? ನಾನು ಮನಸ್ಸು ಮಾಡಿದ್ರೆ ಐದು ಸಾಕಮ್ಮಾ. ಇಷ್ಟು ದಿನ ಮನಸ್ಸು ಮಾಡಿರ್ಲಿಲ್ಲ."

"ಹಾಗಾದ್ರೆ ಮಾಡಿ ಮಾರಾಯ್ರೇ, ಬಸ್ ತಪ್ಪುತ್ತೆ!" ಎಂದು ಹದಿನಾಲ್ಕು ಜನ ಒಂದೇ ಸ್ವರದಲ್ಲಿ ಅಂದರು.

ಮಾತು ಬಾಯಿಂದ ಹೊರಬಿದ್ದಾಗಿತ್ತು. ರಾಯರು ಮೇಜಿನ ಕೆಳಗೆ ಬಗ್ಗಿ, ಯಾರಿಗೂ ಕಾಣದಂತೆ ಪವರ್ ಬಟನ್ ಒತ್ತಿ ಹಿಡಿದು ಐದರವರೆಗೆ ಎಣಿಸಿದರು. ಕಂಪ್ಯೂಟರ್ ಒಮ್ಮೆ ಬಿಕ್ಕಿತು. ಪರದೆ ಕಪ್ಪಾಯಿತು. ಮಗುವಿನ ಬಾಯಿ ಮುಚ್ಚಿ ಅಳು ನಿಲ್ಲಿಸಿದರೆ ಅದನ್ನು ಮಲಗಿಸಿದ್ದು ಎಂದು ಯಾರೂ ಅನ್ನುವುದಿಲ್ಲ. ಆದರೆ ಬಸ್ಸಿಗೆ ಹೊತ್ತಾದವರಿಗೆ ಅಷ್ಟು ಸೂಕ್ಷ್ಮ ಬೇಕಿಲ್ಲ. ಚಪ್ಪಾಳೆ ಬಿತ್ತು. ಕಾವಲುಗಾರ ಬೀಗ ಹಾಕುತ್ತಾ, "ಏನೋ ಅಂದ್ಕೊಂಡಿದ್ದೆ, ಕೈಯಲ್ಲಿ ವಿದ್ಯೆ ಇದೆ ಕಣ್ರೀ" ಎಂದ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಮೈಮುರಿದು ಏಳಲು ಅರ್ಧ ಗಂಟೆ ತೆಗೆದುಕೊಂಡಿತು. ತನಗೇನಾಯಿತೆಂದು ತಾನೇ ತಡವಿ ನೋಡಿಕೊಂಡು, ಅಳಿದುಳಿದ ಪತ್ರಗಳನ್ನು ಹೆಕ್ಕಿ ತಂದು ಮತ್ತೆ ಸಾಲಿಗೆ ನಿಲ್ಲಿಸಿತು. ಅಂದರೆ ಸಂಜೆಯ ಇಪ್ಪತ್ತೈದು ನಿಮಿಷ ಬೆಳಿಗ್ಗೆಗೆ ಹೋಯಿತು, ಬಡ್ಡಿ ಸಮೇತ. ಆದರೆ ಯಾರೂ ದೂರಲಿಲ್ಲ. ಸಂಜೆಯ ಹೊತ್ತು ಸ್ವಂತದ್ದು, ಬೆಳಗಿನ ಹೊತ್ತು ಸರ್ಕಾರದ್ದು.

ಮೂರೇ ದಿನದಲ್ಲಿ ಕೀರ್ತಿ ರಾಯರ ಬೀದಿ ಮುಟ್ಟಿತು. ಪಕ್ಕದ ಮನೆಯ ಜೆರಾಕ್ಸ್ ಅಂಗಡಿಯವನು ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿ ಕೇಳಿದ: "ಸಾರ್, ನನ್ನ ಅಂಗಡಿ ಕಂಪ್ಯೂಟರೂ ಬಂದ್ ಆಗೋಕೆ ಬಹಳ ಸತಾಯ್ಸತ್ತೆ. ನಿಮ್ಮ ಗುಟ್ಟು ಒಂಚೂರು ಹೇಳ್ಕೊಡಿ."

ರಾಯರು ಗುಟ್ಟು ಹೇಳಿಕೊಟ್ಟರು. ಒತ್ತುವಾಗ ಉಸಿರು ಹಿಡಿಯಬೇಕು, ಕಣ್ಣು ಪರದೆಯ ಮೇಲಿರಬಾರದು ಎಂದು ತಮ್ಮದೂ ಒಂದೆರಡು ಸೇರಿಸಿದರು.

ಎರಡನೇ ದಿನ ಬೆಳಿಗ್ಗೆ ಅದೇ ಗೋಡೆಯ ಮೇಲಿಂದ ಅದೇ ಗದ್ದ ಗುಡುಗಿತು. "ಸಾರ್! ನಿಮ್ಮ ಮಾತು ಕೇಳಿ ನನ್ನ ಮನೆ ಹಾಳಾಯ್ತು! ಆರಿದ್ದು ಆರೇ ಹೋಯ್ತು, ಏಳ್ತಾನೇ ಇಲ್ಲ! ಒಂದು ಪುಸ್ತಕ ಪೂರ್ತಿ ಟೈಪ್ ಮಾಡಿಟ್ಟಿದ್ದೆ ಅದ್ರಲ್ಲಿ. ಬರೆದೋರು ಬಂದು ಅಂಗಡಿ ಮುಂದೆ ಕೂತಿದಾರೆ!"

"ಉಸಿರು ಹಿಡಿದಿದ್ರಾ?" ಎಂದರು ರಾಯರು ಶಾಂತವಾಗಿ.

"ಹಿಡಿದಿದ್ದೆ ಸಾರ್!"

"ಎಷ್ಟು ಹೊತ್ತು?"

"ಐದು ಎಣಿಸೋ ತನಕ."

"ಅದೇ ನೋಡಿ. ನೀವು ಎಣಿಸಿದ್ದು ಅವಸರದ ಐದು. ಬೆರಳಲ್ಲಿ ಹದ ಇಲ್ಲದೋರಿಗೆಲ್ಲ ವಿದ್ಯೆ ಹೇಳ್ಕೊಟ್ಟಿದ್ದು ನನ್ನ ತಪ್ಪು."

ಒಳಗಿನಿಂದ ಅತ್ತೆ ಇದನ್ನೆಲ್ಲ ಕೇಳುತ್ತಿದ್ದರು. ರಾಯರ ಹೆಂಡತಿ ಬಸ್ಸಿನಲ್ಲಿ ಹನ್ನೊಂದು ಗಂಟೆಯ ಹಾದಿಯಾಚೆ ಒಂದು ಶಾಲೆಯಲ್ಲಿ ಟೀಚರು. ಮಗಳು ಎರಡು ತಿಂಗಳಿಗೊಮ್ಮೆ ಬಂದುಹೋಗುವವಳಾದ್ದರಿಂದ ಅಳಿಯನ ಮನೆ ನೋಡಿಕೊಳ್ಳಲು ಅತ್ತೆ ಬಂದು ಉಳಿದಿದ್ದರು. ಎಪ್ಪತ್ತನಾಲ್ಕು ವಯಸ್ಸು, ಮಂಡಿ ಗಟ್ಟಿ, ನಾಲಿಗೆ ಇನ್ನೂ ಗಟ್ಟಿ.

"ಅಳಿಯಂದಿರೇ, ಕುಕ್ಕರ್ ಆರ್ಲಿಲ್ಲ ಅಂತ ಮುಚ್ಚಳ ಕಿತ್ತು ತೆಗೆದು ಅಡುಗೆಮನೆ ಸೂರಿಗೆಲ್ಲ ಬೇಳೆ ಮೆತ್ತಿದೋರು ತಾವೇ ಅಲ್ವೇ, ಹೋದ ವರ್ಷ?"

"ಅದಕ್ಕೂ ಇದಕ್ಕೂ ಏನು ಸಂಬಂಧ ಅತ್ತೆ?"

"ಏನೂ ಇಲ್ಲಪ್ಪ. ಕೈ ಒಂದೇ ಅಲ್ವಾ, ಅದಕ್ಕೆ ಕೇಳ್ದೆ."

ಇಷ್ಟಕ್ಕೆ ನಿಂತಿದ್ದರೆ ಒಬ್ಬ ಜೆರಾಕ್ಸಿನವನ ಕಣ್ಣೀರಿಗೆ ಕಥೆ ಮುಗಿಯುತ್ತಿತ್ತು. ಆದರೆ ರಾಯರ ಹೆಸರು ಮೇಡಂ ಕಿವಿಗೂ ಬಿದ್ದಿತ್ತು. ಅವರು ಲೆಕ್ಕ ಹಾಕಿ ನೋಡಿದರು: ಐದು ಶಾಖೆ, ನೂರಾರು ಕಂಪ್ಯೂಟರ್, ಪ್ರತಿಯೊಂದಕ್ಕೂ ದಿನಕ್ಕಿಷ್ಟು ನಿಮಿಷ, ಉಳಿಸಿದರೆ ವರ್ಷಕ್ಕೆ ಎಷ್ಟೋ ಸಾವಿರ ಗಂಟೆ! ಉಳಿದ ಗಂಟೆಗಳಲ್ಲಿ ಏನು ಮಾಡುವುದೆಂದು ಅವರು ಯೋಚಿಸಲಿಲ್ಲ. ಅದು ಇನ್ನೊಂದು ಸುತ್ತೋಲೆಯ ವಿಷಯ. ಸದ್ಯದ ಸುತ್ತೋಲೆಯ ತಲೆಬರಹ "ಗಣಕಯಂತ್ರಗಳ ತ್ವರಿತ ಸ್ಥಗಿತ: ಪ್ರಾತ್ಯಕ್ಷಿಕೆ" ಎಂದಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ, ಸಭಾಂಗಣದಲ್ಲಿ, ದೊಡ್ಡ ಪರದೆಯ ಮೇಲೆ, ರಾಯರ ಕಂಪ್ಯೂಟರಿನಲ್ಲೇ.

ಅದೇ ಶುಕ್ರವಾರ ಸಂಜೆ ಐದರೊಳಗೆ ಶಿಕ್ಷಕರ ವರ್ಗಾವಣೆ ಪಟ್ಟಿ ಕೇಂದ್ರ ಕಚೇರಿಗೆ ಹೋಗಬೇಕಿತ್ತು. ಟೈಪ್ ಮಾಡಿದವರು ರಾಯರೇ. ಪಟ್ಟಿಯ ಹದಿನೇಳನೇ ಹೆಸರು ಅವರ ಹೆಂಡತಿಯದು. ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದ ಆಕೆಯ ಹೆಸರು ಪಟ್ಟಿಗೆ ಏರಿದ್ದು ಇದೇ ಮೊದಲು. ಈ ಸಲ ತಪ್ಪಿದರೆ ಮತ್ತೆ ಒಂದು ವರ್ಷ.

ಗುರುವಾರ ಆಕೆ ಫೋನ್ ಮಾಡಿದಳು. "ರೀ, ಪಟ್ಟಿ ಕಳಿಸಿದ್ರಾ?"

"ರೆಡಿ ಇದೆ ಕಣೇ. ಸ್ಕ್ರೀನ್ ಮೇಲೇ ಇದೆ."

"ರೆಡಿ ಇದ್ರೆ ಕಳಿಸೋಕೆ ಏನು?"

"ಈಗಲೇ ಕಳಿಸಿದ್ರೆ ಮುಗೀತಲ್ಲ ಅಂತ ಇನ್ನೊಂದು ಪಟ್ಟಿ ತಂದು ಕುಕ್ಕುತ್ತಾರೆ. ನಾಳೆ ಐದಕ್ಕೆ ಐದು ನಿಮಿಷ ಇದೆ ಅನ್ನುವಾಗ ಟಪ್ ಅಂತ ಕಳಿಸ್ತೀನಿ."

ಫೋನಿನಲ್ಲಿ ಬಂದ ಚಿಟಿಕೆಯ ಸದ್ದು ಆಕೆಗೆ ಚೆನ್ನಾಗಿ ಗೊತ್ತಿತ್ತು. "ಸೇವ್ ಆದ್ರೂ ಮಾಡಿದೀರಾ?"

"ನಿನಗ್ಯಾಕೆ ಆ ಚಿಂತೆ? ನಾಳೆ ನನ್ನ ಪ್ರಾತ್ಯಕ್ಷಿಕೆ ಇದೆ, ಗೊತ್ತಾ? ಐದು ಶಾಖೆಯೋರು ಬರ್ತಿದಾರೆ!"

ಶುಕ್ರವಾರ ನಾಲ್ಕಕ್ಕೆ ಸಭಾಂಗಣದಲ್ಲಿ ಮೂವತ್ತೆರಡು ಜನ ಸೇರಿದ್ದರು. ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅದು ಬಿಳಿಯದಾಗಿ ಹುಟ್ಟಿದ್ದರೂ ಈಗ ತೆಳು ಗುಲಾಬಿಯಾಗಿತ್ತು. ಕಂಪ್ಯೂಟರಿನ ಮಹತ್ವದ ಬಗ್ಗೆ ಅವರು ಹದಿನೈದು ನಿಮಿಷ ಮಾತಾಡಿದರು. ಆಮೇಲೆ ತೋಳು ಮಡಚಿ, ಉಸಿರು ಹಿಡಿದು, ಬಟನ್ ಒತ್ತಿದರು. ಒಂದು, ಎರಡು, ಮೂರು, ನಾಲ್ಕು, ಐದು. ದೊಡ್ಡ ಪರದೆ ಕಪ್ಪಾಯಿತು.

ಚಪ್ಪಾಳೆಯೋ ಚಪ್ಪಾಳೆ. "ನೋಡಿದಿರಲ್ಲ? ಇದಕ್ಕೆ ಇಚ್ಛಾಶಕ್ತಿ ಅನ್ನೋದು!" ಎಂದರು ಮೇಡಂ.

ಆಗ ಹಿಂದಿನ ಸಾಲಿನಿಂದ ಯಾವುದೋ ಶಾಖೆಯ ಗುಮಾಸ್ತ, "ಮತ್ತೆ ಆನ್ ಆಗುತ್ತಾ ಮೇಡಂ?" ಎಂದು ಕೇಳಿಬಿಟ್ಟ. ಮೂರ್ಖರ ಸಭೆಯಲ್ಲಿ ಇಂಥವನೊಬ್ಬ ಎಲ್ಲಿಂದಲೋ ಬಂದು ಸೇರಿಕೊಂಡಿರುತ್ತಾನೆ.

"ಯಾಕಾಗಲ್ಲ? ತೋರಿಸಿ ರಾಯರೇ."

ರಾಯರು ಆನ್ ಮಾಡಿದರು. ಒಂದು ವಾರದಲ್ಲಿ ಆರನೇ ಸಲ ಏಟು ತಿಂದ ಕಂಪ್ಯೂಟರ್ ಈ ಬಾರಿ ನರಳಿತು, ತಿರುಗಿತು, ಹತ್ತು ನಿಮಿಷ ಯೋಚಿಸಿತು. ಕೊನೆಗೆ ಅಳಿದುಳಿದದ್ದನ್ನೆಲ್ಲ ಹೆಕ್ಕಿ, ಸಾಲಿಗೆ ನಿಲ್ಲಿಸುವ ವ್ಯವಧಾನವಿಲ್ಲದೆ, ಒಂದರ ಮೇಲೊಂದರಂತೆ ದೊಡ್ಡ ಪರದೆಯ ತುಂಬ ಅಗಲಿಸಿತು. ಮೂಲೆಯಲ್ಲಿ ಬರೆದಿತ್ತು: ಮರಳಿ ಸಿಕ್ಕಿದ ಪತ್ರಗಳು, ಅರವತ್ತಮೂರು.

ಎಲ್ಲದರ ಮೇಲಿದ್ದ ಪತ್ರವನ್ನು ಮೂವತ್ತೆರಡು ಜನ ಒಟ್ಟಿಗೆ ಓದಿದರು. ಬರುವ ಮಂಗಳವಾರದ ದಿನಾಂಕ ಹಾಕಿದ ರಜೆ ಅರ್ಜಿ. "ಇದ್ದಕ್ಕಿದ್ದಂತೆ ತೀವ್ರ ಜ್ವರ ಬಂದಿರುವುದರಿಂದ..."

"ಇವತ್ತು ಶುಕ್ರವಾರ" ಎಂದರು ಮೇಡಂ.

ರಾಯರ ಬೆರಳು ತಾನಾಗಿಯೇ ಬಟನ್ನಿನ ಕಡೆ ಹೊರಟಿತು. ಐದೇ ಸೆಕೆಂಡು, ಎಲ್ಲ ಕಪ್ಪಾಗುತ್ತದೆ, ಮಾನ ಉಳಿಯುತ್ತದೆ.

"ರಾಯರೇ!" ಟೈಪಿಸ್ಟಮ್ಮ ಓಡಿ ಬಂದರು. ದನಿ ತಗ್ಗಿಸಿ ಕೇಳಿದರು: "ವರ್ಗಾವಣೆ ಪಟ್ಟಿ ಸೇವ್ ಮಾಡಿದೀರಾ?"

ರಾಯರು ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಹಾಗಾದ್ರೆ ಅದು ಈ ರಾಶಿಯ ತಳದಲ್ಲಿದೆ. ಇನ್ನೊಂದು ಸಲ ಬಟನ್ ಒತ್ತಿದ್ರೆ ಏಳುತ್ತೋ ಇಲ್ವೋ ದೇವರೇ ಬಲ್ಲ. ಏಳ್ಲಿಲ್ಲ ಅಂದ್ರೆ ನಿಮ್ಮ ಮನೆಯೋರು ಇನ್ನೊಂದು ವರ್ಷ ಅಲ್ಲೇ. ಒಂದೊಂದೇ ಮುಚ್ತಾ ಬನ್ನಿ. ಬೇರೆ ದಾರಿ ಇಲ್ಲ."

ಗೋಡೆಯ ಗಡಿಯಾರ ನಾಲ್ಕೂ ಇಪ್ಪತ್ತೆಂಟು ತೋರಿಸುತ್ತಿತ್ತು. ರಾಯರು ಬಟನ್ ನೋಡಿದರು, ಪರದೆ ನೋಡಿದರು, ಮೂವತ್ತೆರಡು ಮುಖ ನೋಡಿದರು. ಆಮೇಲೆ ಬೆರಳನ್ನು ಹಿಂದಕ್ಕೆ ತೆಗೆದರು. ಜೀವಮಾನದಲ್ಲಿ ಅವರು ಮಾಡಿದ ಧೈರ್ಯದ ಕೆಲಸ ಅದೊಂದೇ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ರಜೆ ಅರ್ಜಿಯನ್ನು ಮುಚ್ಚಿದರು. ಅದರ ಕೆಳಗೆ ಸಹಿ ಇಲ್ಲದ ಒಂದು ದೂರು ಇತ್ತು: ಕಾವಲುಗಾರ ಮಧ್ಯಾಹ್ನ ಮೆಟ್ಟಿಲ ಕೆಳಗೆ ಗೊರಕೆ ಹೊಡೆಯುವ ಬಗ್ಗೆ.

"ಓಹೋ, ಆ ಪುಣ್ಯಾತ್ಮ ನೀವೇನಾ?" ಎಂದ ಕಾವಲುಗಾರ ಬಾಗಿಲಿನಿಂದ. "ಮೂರು ತಿಂಗಳಿಂದ ಹುಡುಕ್ತಾ ಇದ್ದೆ."

"ಕಳಿಸ್ಲಿಲ್ವಲ್ಲಪ್ಪ" ಎಂದರು ರಾಯರು ದೀನರಾಗಿ.

"ಯಾಕೆ ಕಳಿಸ್ತೀರಿ? ನೀವು ಯಾವುದನ್ನ ಕಳಿಸಿದೀರಿ ಇಲ್ಲೀ ತನಕ?"

ಮುಂದಿನ ಹನ್ನೊಂದು ಪತ್ರಗಳಲ್ಲಿ ಒಂದೇ ಸಾಲು ಇತ್ತು: "ಕಾರ್ಯ ಪ್ರಗತಿಯಲ್ಲಿದೆ." ಹನ್ನೊಂದು ಬೇರೆಬೇರೆ ಕಾರ್ಯಗಳಿಗೆ. ಆಮೇಲೆ ಅರ್ಧ ಆಡಿದ ಇಸ್ಪೀಟು. ಅದರ ಕೆಳಗೆ ಒಂದು ಭಾಷಣ: "ನನ್ನಂಥ ಅಲ್ಪನನ್ನು ಇಂದು ಇಷ್ಟು ದೊಡ್ಡ ಸಭೆಯಲ್ಲಿ ಸನ್ಮಾನಿಸುತ್ತಿರುವುದು..."

"ಯಾವ ಸನ್ಮಾನ ಇದು?" ಎಂದು ಒಬ್ಬ ಕೇಳಿದ.

"ಅಲ್ಪನದ್ದು" ಎಂದ ಇನ್ನೊಬ್ಬ.

ಇಪ್ಪತ್ತೆಂಟನೆಯದು ಹಳೆಯ ಅಧಿಕಾರಿಗೆ ಬರೆದ ಪತ್ರ. ರಾಯರು ಅದನ್ನು ಬೇಗ ಮುಚ್ಚಲು ಹೋಗಿ ಇನ್ನಷ್ಟು ದೊಡ್ಡದು ಮಾಡಿದರು. "ಹೊಸದಾಗಿ ಬಂದವರಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿಲ್ಲ. ಬೆಳಗಾದರೆ ಸುತ್ತೋಲೆ." ಮೂವತ್ತೊಂದು ಜನ ಪತ್ರವನ್ನು ಒಪ್ಪಿ, ಒಪ್ಪಿದ್ದು ಕಾಣದಂತೆ ಸೂರು ನೋಡಿದರು.

"ಮುಚ್ಚಿ" ಎಂದರು ಮೇಡಂ. "ಮುಂದಿನದು."

ಮುಂದಿನವು ಹೆಂಡತಿಗೆ ಬರೆದವು. ಬರೆದು ಕಳಿಸದವು. ಫೋನಿನಲ್ಲಿ ಕೇಳಲು ನಾಚಿಕೆಯಾದದ್ದನ್ನೆಲ್ಲ ರಾಯರು ಇಲ್ಲಿ ಟೈಪ್ ಮಾಡಿ, ಮುಚ್ಚದೆ ಇಟ್ಟುಕೊಂಡಿದ್ದರು. "ಬಿಳಿ ಅಂಗಿಯನ್ನು ನಿನ್ನ ಕೆಂಪು ಸೀರೆಯ ಜೊತೆ ನೆನೆಸಿದೆ. ಈಗ ಏನು ಮಾಡಲಿ?" ಅದರ ಕೆಳಗೆ: "ಎರಡು ಅಂಗಿ ಆಯಿತು." ಅದರ ಕೆಳಗೆ: "ನನ್ನ ಕನ್ನಡಕ ಎಲ್ಲಿದೆ ಎಂದು ನಿನಗೆ ಅಲ್ಲಿಂದಲೇ ಗೊತ್ತಿರುತ್ತದೆ ಎಂದು ಅತ್ತೆ ಹೇಳುತ್ತಾರೆ. ಗೊತ್ತಿದ್ದರೆ ತಿಳಿಸು." ಅದರ ಕೆಳಗೆ: "ಗ್ಯಾಸಿನ ಗುಂಡಿ ಯಾವ ಕಡೆ ತಿರುಗಿಸಿದರೆ ಆರುತ್ತದೆ? ಉರಿಯುತ್ತಿರುವಂತೆಯೇ ಬಿಟ್ಟು ಕಚೇರಿಗೆ ಬಂದಿದ್ದೇನೆ, ಅತ್ತೆ ಹೊರಗೆ ಹೋಗಿದ್ದಾರೆ. ಬೇಗ ತಿಳಿಸು."

"ಅಯ್ಯೋ ದೇವರೇ, ಆಮೇಲೆ ಏನಾಯ್ತು?" ಎಂದು ಮೊದಲ ಸಾಲಿನ ಹೆಂಗಸೊಬ್ಬರು ಗಾಬರಿಯಾದರು.

"ಅತ್ತೆ ಬಂದ್ರು" ಎಂದರು ರಾಯರು.

ನಾಲ್ಕೂ ಐವತ್ತೆರಡಕ್ಕೆ ಅರವತ್ತೆರಡನೆಯದು ಮುಚ್ಚಿತು. ಕೊನೆಗೆ ಉಳಿದದ್ದು ವರ್ಗಾವಣೆ ಪಟ್ಟಿ. ಅದರ ಹಿಂದೆ ಬೋಳು ನೀಲಿ ಪರದೆ. ರಾಯರ ಕಂಪ್ಯೂಟರಿಗೆ ಆ ಬಣ್ಣ ಇದೆ ಎಂಬುದೇ ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಇಪ್ಪತ್ತು ಹೆಸರೂ ಇದ್ದವು. ಟೈಪಿಸ್ಟಮ್ಮ ಸೆರಗಿನಿಂದ ಹಣೆ ಒರೆಸಿಕೊಂಡರು.

ಮೇಡಂ ಪಟ್ಟಿಯ ಮೇಲೆ ಕಣ್ಣಾಡಿಸುತ್ತಾ ಬಂದು ಹದಿನೇಳರಲ್ಲಿ ನಿಂತರು. "ಇದೇನು? ಎಲ್ಲರ ಕಾರಣದ ಎದುರಿಗೂ ದಾಖಲೆ ಇದೆ. ಯಾರದೋ ಡಾಕ್ಟರ್ ಸರ್ಟಿಫಿಕೇಟು, ಯಾರದೋ ಮಗುವಿನ ಶಾಲೆ ಪತ್ರ. ಇದಕ್ಕೆ ಇಲ್ಲವಲ್ಲ. ದಾಖಲೆ ಇಲ್ಲದ್ದನ್ನ ತೆಗೆದುಹಾಕಬೇಕು, ನಿಯಮ."

ರಾಯರು ಮೇಡಂ ಕಡೆಗೆ ತಿರುಗಿದರು. "ಮೇಡಂ, ಅದು... ನಮ್ಮನೆಯವಳದ್ದು. ಆರು ವರ್ಷ ಆಯ್ತು ಮೇಡಂ."

"ಕಾರಣ ಓದಿ."

ರಾಯರು ಓದಿದರು. ಹೆಂಡತಿಯ ಅರ್ಜಿ ನೋಡಿಕೊಂಡು ತಾವೇ ಟೈಪ್ ಮಾಡಿದ ಸಾಲು. "ಮನೆಯಲ್ಲಿ ಒಬ್ಬರಿದ್ದಾರೆ. ಮೇಲುನೋಟಕ್ಕೆ ಆರೋಗ್ಯವಾಗಿದ್ದಾರೆ. ಆದರೆ ಒಬ್ಬರನ್ನೇ ಬಿಡುವಂತಿಲ್ಲ. ಹಗಲೂ ಇರುಳೂ ಯಾರಾದರೂ ನೋಡಿಕೊಳ್ಳಬೇಕು."

"ಯಾರು ಅದು?"

"ನಮ್ಮತ್ತೆ ಮೇಡಂ" ಎಂದರು ರಾಯರು. "ವಯಸ್ಸಾಗಿದೆ, ಪಾಪ."

ಸಭೆ ಒಂದು ಕ್ಷಣ ರಾಯರನ್ನು ನೋಡಿತು. ಗುಲಾಬಿ ಅಂಗಿಯನ್ನು ನೋಡಿತು. ಮೊದಲು ಕಾವಲುಗಾರನ ಹೊಟ್ಟೆ ಕುಲುಕಿತು, ಆಮೇಲೆ ಹಿಂದಿನ ಸಾಲು, ಆಮೇಲೆ ಇಡೀ ಸಭಾಂಗಣ. ಮೂರು ಮಕ್ಕಳ ಹಟ, ಜ್ವರ, ಪರೀಕ್ಷೆ ಯಾವುದಕ್ಕೂ ಜಗ್ಗದ ಟೈಪಿಸ್ಟಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದರು. ಇಷ್ಟು ಜನ ಯಾಕೆ ನಗುತ್ತಿದ್ದಾರೆಂದು ರಾಯರಿಗೆ ಮಾತ್ರ ತಿಳಿಯಲಿಲ್ಲ. ಆದರೂ ಮರ್ಯಾದೆಗೆ ತಾವೂ ಸ್ವಲ್ಪ ನಕ್ಕರು.

ಮೇಡಂ ನಗಲಿಲ್ಲ. ಗಡಿಯಾರ ನೋಡಿದರು. ನಾಲ್ಕೂ ಐವತ್ತಾರು.

"ದಾಖಲೆ ಅನ್ನೋ ಕಾಲಂನಲ್ಲಿ ಟೈಪ್ ಮಾಡಿ ರಾಯರೇ, ನಾನು ಹೇಳ್ತೀನಿ. 'ಪ್ರತ್ಯೇಕ ದಾಖಲೆ ಅಗತ್ಯವಿಲ್ಲ. ಅಧಿಕಾರಿಯೂ ಸೇರಿದಂತೆ ಮೂವತ್ತೆರಡು ಜನ ಖುದ್ದಾಗಿ ಪರಿಶೀಲಿಸಿದ್ದಾರೆ. ಕಾರಣ ಸತ್ಯ.'"

"ಬಹಳ ಉಪಕಾರ ಆಯ್ತು ಮೇಡಂ" ಎಂದು ಕೈಮುಗಿದು, ರಾಯರು ಒಂದಕ್ಷರ ತಪ್ಪದಂತೆ ಅದನ್ನು ಟೈಪ್ ಮಾಡಿದರು. ಆಮೇಲೆ, ಯಾರೂ ಹೇಳದೆಯೇ, ಸೇವ್ ಮಾಡಿ ಕಳಿಸಿದರು.